ಡೆಟ್ರಾಯಿಟ್ ಗಲಭೆಗೆ ಒಂದು ಪೊಲೀಸ್ ದಾಳಿಯೇ ಕಾರಣವೇ?

1967ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರ ಗಲಭೆಯಲ್ಲಿ ಹೊತ್ತಿ ಉರಿದದ್ದು ಕೇವಲ ಒಂದು ಪೊಲೀಸ್ ದಾಳಿಯಿಂದಲೇ ಎಂಬ ಮಾತನ್ನು ನೀವು ಕೇಳಿರಬಹುದು. ಆ ಜುಲೈ 23ರ ಬೆಳಗಿನ ಜಾವ ಪರವಾನಗಿಯಿಲ್ಲದ ಮದ್ಯದಂಗಡಿಯ ಮೇಲೆ ನಡೆದ ದಾಳಿ ಕಿಡಿಯಷ್ಟೇ. 43 ಜನರನ್ನು ಬಲಿ ಪಡೆದ ಬೆಂಕಿಗೆ ಸೌದೆ ಒಟ್ಟಿದ್ದು ಅದಕ್ಕೂ ಮೂವತ್ತು ವರ್ಷ ಮೊದಲಿನಿಂದ.

1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆಯಲ್ಲಿ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯವೆಂದು ಗುರುತಿಸಿತು. ಸಾಲವಿಲ್ಲದೆ ಸ್ವಂತ ಮನೆಯಿಲ್ಲ, ಮನೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ. ಮುಂದೆ ಕಾರು ಕಾರ್ಖಾನೆಗಳು ಹೊರವಲಯಕ್ಕೆ ಹೋದಾಗ, ಅಲ್ಲಿ ಮನೆ ಸಿಗದ ಇವರು ಕೆಲಸವನ್ನೂ ಕಳೆದುಕೊಂಡರು. ಅವರ ಅಂಗಡಿಬೀದಿಯಾಗಿದ್ದ ಹೇಸ್ಟಿಂಗ್ಸ್ ಸ್ಟ್ರೀಟನ್ನು ಹೆದ್ದಾರಿಗಾಗಿ ಕೆಡವಲಾಯಿತು. ಬಹುಪಾಲು ಬಿಳಿಯರೇ ಇದ್ದ ಪೊಲೀಸರ ದರ್ಪ ಇವೆಲ್ಲದರ ಮೇಲಿನದು. ಗಲಭೆಗಳ ಕಾರಣ ತಿಳಿಯಲು ಅಧ್ಯಕ್ಷ ಜಾನ್ಸನ್ ನೇಮಿಸಿದ ಕೆರ್ನರ್ ಆಯೋಗವೂ 1968ರಲ್ಲಿ ಬಿಳಿಯರ ಜನಾಂಗೀಯ ಧೋರಣೆಯನ್ನೇ ಮೂಲ ಕಾರಣವೆಂದು ಹೇಳಿತು.

ಇದು ನಮಗೆ ಅಷ್ಟೇನೂ ದೂರದ ಕಥೆಯಲ್ಲ. ಹಾಸನದಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬಾಡಿಗೆ ಮನೆ ಹುಡುಕಲು ಹೋಗಿದ್ದೆ. ಅಡ್ವಾನ್ಸ್ ಮಾತು ಮುಗಿದು, ಬೀಗದ ಕೈ ಹಿಡಿದೇ ಮನೆಯೊಡತಿ, "ನಿಮ್ಮದು ಯಾವ ಜನ?" ಎಂದರು. ಉತ್ತರ ಕೇಳಿದ ಮೇಲೆ, ಊರಿನಿಂದ ತಮ್ಮ ಮಗನೇ ಬರುತ್ತಾನೆಂದು ನೆನಪಾಯಿತು. ಬೋರ್ಡು ಮಾತ್ರ ಮರುವಾರವೂ ಗೇಟಿನಲ್ಲೇ ತೂಗುತ್ತಿತ್ತು. ಜಾತಿ ಮತ್ತು ಜನಾಂಗ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಯಾರು ಎಲ್ಲಿ ವಾಸಿಸಬಹುದು ಎಂಬುದನ್ನು ಮೊದಲು ನೋಡದೆ, ಯಾರು ಕಲ್ಲೆಸೆದರು ಎಂಬಲ್ಲಿಂದ ಆರಂಭಿಸಿದರೆ ಡೆಟ್ರಾಯಿಟ್ ಅರ್ಥವಾಗುವುದಿಲ್ಲ.