ಆ 160 ಎಕರೆ ಕೊಟ್ಟವರು ಯಾರು?

ಪತ್ರ: "ಮಗನ ಮನೆಗೆಂದು ಅಮೆರಿಕದ ನೆಬ್ರಾಸ್ಕಾಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅವನು ಲಿಂಕನ್ ಊರಿನ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಿ ಅಲ್ಲೇ ಕೆಲಸದಲ್ಲಿದ್ದಾನೆ. ಹತ್ತಿರದ ಬಿಯಾಟ್ರಿಸ್‌ನಲ್ಲಿ ಹಳೇ ಕಾಲದ ರೈತರ ನೆನಪಿಗೆ ಮಾಡಿರುವ ಪಾರ್ಕು ನೋಡಿದೆ. ಖಾಲಿ ಬಯಲಿಗೆ ಬರಿಗೈಲಿ ಬಂದು, ಸರ್ಕಾರದ ಮುಂದೆ ಕೈ ಚಾಚದೆ ಬೆಳೆದ ಜನ. ನಮ್ಮವರು ಯಾವಾಗ ಕಲಿಯುತ್ತಾರೆ?" (ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಮನೆಯಲ್ಲಿ ಟೀವಿ ಮುಂದೆ ಕೂರದೆ ಊರು ಸುತ್ತಿ ಬಂದಿದ್ದೀರಲ್ಲ, ಅದೇ ಖುಷಿ. ಆ ರೈತರ ದುಡಿಮೆಯ ಬಗ್ಗೆ ನೀವು ಹೇಳಿದ್ದು ನಿಜ. ಮರವೇ ಇಲ್ಲದ ಬಯಲಲ್ಲಿ, ಹುಲ್ಲಿನ ಬೇರು ಹಿಡಿದ ಮಣ್ಣನ್ನೇ ಇಟ್ಟಿಗೆಯ ಹಾಗೆ ಕತ್ತರಿಸಿ ಗೋಡೆ ಕಟ್ಟಿದರು. ಮಳೆ ಬಂದರೆ ಸೂರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. 1874ರಲ್ಲಿ ಮಿಡತೆ ಬಂದು ಬೆಳೆ ತಿಂದು ಹೋಯಿತು. ಒಪ್ಪಿದೆ.

ಆದರೆ "ಕೈ ಚಾಚದೆ" ಅಂದಿರಲ್ಲ, ಅಲ್ಲಿ ನಾನು ಸುಮ್ನೆ ಇರಲಾರೆ. ನೀವು ನೋಡಿದ ಪಾರ್ಕು ಇರುವುದೇ ಸರ್ಕಾರ ಪುಕ್ಕಟೆ ಹಂಚಿದ ಜಮೀನಿನ ನೆನಪಿಗೆ! 1862ರ ಹೋಮ್‌ಸ್ಟೆಡ್ ಕಾಯ್ದೆ. ಸಣ್ಣ ಶುಲ್ಕ ಕಟ್ಟಿದರೆ 160 ಎಕರೆ, ಐದು ವರ್ಷ ಅಲ್ಲೇ ಇದ್ದು ಉತ್ತರೆ ಹಕ್ಕುಪತ್ರ ಕೈಗೆ. ಹಾಗೆ ಕೊಟ್ಟಿದ್ದು ಸುಮಾರು 27 ಕೋಟಿ ಎಕರೆ. ಐದು ಕರ್ನಾಟಕಕ್ಕಿಂತ ಜಾಸ್ತಿ, ಮೇಷ್ಟ್ರೇ.

ಅದು ಬಂದ ಹೊತ್ತು ನೋಡಿ. 1860ರಲ್ಲಿ ಇಂಥದೇ ಮಸೂದೆಗೆ ಸಹಿ ಹಾಕಲು ಅಧ್ಯಕ್ಷ ಬ್ಯುಕ್ಯಾನನ್ ಒಪ್ಪಿರಲಿಲ್ಲ. ಸಣ್ಣ ರೈತರು ಪಶ್ಚಿಮಕ್ಕೆ ಹೋಗಿ ತುಂಬಿಕೊಳ್ಳುವುದು ಗುಲಾಮರನ್ನಿಟ್ಟುಕೊಂಡ ದಕ್ಷಿಣದ ಜಮೀನ್ದಾರರಿಗೆ ಬೇಡವಾಗಿತ್ತು. ಅಂತರ್ಯುದ್ಧ ಶುರುವಾಗಿ ದಕ್ಷಿಣದ ಸದಸ್ಯರು ಸಂಸತ್ತಿನಿಂದ ಎದ್ದು ಹೋದ ಮೇಲೆ ತಡೆಯುವವರೇ ಇರಲಿಲ್ಲ. 1862ರ ಮೇ 20ಕ್ಕೆ ಜಮೀನಿನ ಕಾಯ್ದೆ, ಜುಲೈ 1ಕ್ಕೆ ರೈಲಿನದು, ಮರುದಿನವೇ ಕಾಲೇಜಿನದು. ಈ ಕೊನೆಯದು ಮಾರಿಲ್ ಕಾಯ್ದೆ: ಒಬ್ಬೊಬ್ಬ ಸಂಸದರ ಲೆಕ್ಕಕ್ಕೆ 30,000 ಎಕರೆಯಂತೆ ರಾಜ್ಯಗಳಿಗೆ ನೆಲ, ಅದನ್ನು ಮಾರಿದ ದುಡ್ಡಲ್ಲಿ ಕೃಷಿ ಮತ್ತು ಎಂಜಿನಿಯರಿಂಗ್ ಕಲಿಸಬೇಕು. ನಿಮ್ಮ ಮಗ ಓದಿದ್ದೂ ಅಂಥ ಕಡೆಯೇ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿದ್ದೂ ಅದೇ ಮಾದರಿಯಲ್ಲಿ.

ಇನ್ನು "ಖಾಲಿ ಬಯಲು". ಆ ಸೀಮೆ ಓಟೊ-ಮಿಸೌರಿಯಾ ಎಂಬ ಮೂಲನಿವಾಸಿ ಜನರದ್ದು. 1881ರಲ್ಲಿ ಅವರನ್ನು ಒಕ್ಲಹಾಮಾ ಕಡೆಗೆ ಸಾಗಹಾಕಿದರು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಮಾತ್ರ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರ ಕಥೆ. 1865ರ ಜನವರಿಯಲ್ಲಿ ದಕ್ಷಿಣದ ಸವಾನಾ ಊರಲ್ಲಿ ಉತ್ತರದ ಸೈನ್ಯದ ಜನರಲ್ ಶೆರ್ಮನ್ ಇಪ್ಪತ್ತು ಮಂದಿ ಕರಿಯ ಮುಖಂಡರನ್ನು ಕರೆಸಿ, ನಿಮಗೇನು ಬೇಕು ಅಂತ ಕೇಳಿಸಿದ. 67 ವರ್ಷದ ಗ್ಯಾರಿಸನ್ ಫ್ರೇಜಿಯರ್, ತನ್ನ ಬಿಡುಗಡೆಗೆ ತಾನೇ ದುಡ್ಡು ಕೊಟ್ಟುಕೊಂಡಿದ್ದ ಪಾದ್ರಿ, ಎಲ್ಲರ ಪರವಾಗಿ ಹೇಳಿದ್ದು ಇಷ್ಟೇ: ಭೂಮಿ ಕೊಡಿ, ನಾವೇ ಉಳುತ್ತೇವೆ. ನಾಲ್ಕೇ ದಿನಕ್ಕೆ ಆದೇಶ ಬಂತು, ಕುಟುಂಬಕ್ಕೆ 40 ಎಕರೆಯವರೆಗೆ. ಸುಮಾರು 40,000 ಜನ ಹೋಗಿ ನೆಲೆ ನಿಂತರು. ಅಷ್ಟರಲ್ಲಿ ಅಧ್ಯಕ್ಷ ಲಿಂಕನ್ ಕೊಲೆಯಾಯಿತು. ಹೊಸ ಅಧ್ಯಕ್ಷ ಜಾನ್ಸನ್ ಆ ನೆಲವನ್ನು ಹಳೇ ಜಮೀನ್ದಾರರಿಗೇ ವಾಪಸ್ ಮಾಡಿಸಿದರು. ಅದನ್ನು ತಿಳಿಸಲು ಅಕ್ಟೋಬರಿನಲ್ಲಿ, ಬಿಡುಗಡೆಯಾದವರ ಉಸ್ತುವಾರಿ ಹೊತ್ತಿದ್ದ ಜನರಲ್ ಹೊವಾರ್ಡ್ ದಕ್ಷಿಣದ ಎಡಿಸ್ಟೋ ದ್ವೀಪದ ಚರ್ಚಿಗೆ ಹೋದಾಗ, ಕಿಕ್ಕಿರಿದಿದ್ದ ಜನರ ನಡುವೆ ಮೇಲಿನ ಅಟ್ಟಣಿಗೆಯಿಂದ ಒಬ್ಬ ಕೂಗಿ ಕೇಳಿದ: "ನಮ್ಮ ಭೂಮಿ ಯಾಕೆ ಕಿತ್ತುಕೊಳ್ತೀರಿ?"

ದುಡಿಯಲು ಅವರೂ ತಯಾರಿದ್ದರು, ಅಲ್ವಾ?

ನಮ್ಮ ಪತ್ರಿಕೆಗೆ ತಿಂಗಳಿಗೆ ಹತ್ತಾದರೂ "ಸ್ವಂತ ಶ್ರಮದಿಂದ ಮೇಲೆ ಬಂದವರು" ಲೇಖನ ಬರುತ್ತವೆ. ಕ್ಯಾಲಿಫೋರ್ನಿಯಾದ ಮನೆಯ ಫೋಟೋ ಇರುತ್ತದೆ. ಊರಿನ ಸರ್ಕಾರಿ ಶಾಲೆ, ಹಾಸ್ಟೆಲ್ಲಿನ ಅನ್ನ, ಫೀಸು ಕಡಿಮೆಯಿದ್ದ ಕಾಲೇಜು, ಒಂದು ಸಾಲೂ ಇರುವುದಿಲ್ಲ. ನಾನೂ ಹಾಸ್ಟೆಲ್ಲಿನ ಮುದ್ದೆ ತಿಂದು ಓದಿದವನು, ಅದಕ್ಕೇ ಸಿಟ್ಟು ಬರುತ್ತದೆ. ಮಕ್ಕಳಿಲ್ಲ ಅಂತ ಶಾಲೆ ಮುಚ್ಚುವಾಗ ಇವರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ.

ನಿಮ್ಮನ್ನು ಬೈಯುತ್ತಿಲ್ಲ ಮೇಷ್ಟ್ರೇ. ನೀವು ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದವರು. ಈ ಉತ್ತರವನ್ನು ಮಗನಿಗೆ ಫೋನಿನಲ್ಲಿ ಓದಿ ಹೇಳಿ. ಅವನು ಏನಂದ ಅಂತ ಬರೆಯಿರಿ, ಬೈದಿದ್ದರೂ ಹಾಗೇ ಅಚ್ಚು ಹಾಕುತ್ತೇನೆ.