ಕಾಯಿನ್ ಅಲ್ಲೇ ಯಾಕೆ ನಿಂತಿತು?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: “ನನ್ನ ಮಗ ಮೊಬೈಲಿನಲ್ಲಿ ಆಡುವ ಆಟದಲ್ಲಿ ಕಾಯಿನ್ 2,14,74,83,647 ಆದ ಮೇಲೆ ಒಂದೂ ಏರುತ್ತಿಲ್ಲ. ಇದು ಅವಿಭಾಜ್ಯ ಸಂಖ್ಯೆ, ಅದಕ್ಕೇ ಕಂಪ್ಯೂಟರಿನವರು ಆರಿಸಿಕೊಂಡಿದ್ದಾರೆ ಅಂತಾನೆ. ನಿಜವಾ?”

ಅರ್ಧ ನಿಜ. ಅವಿಭಾಜ್ಯ ಹೌದು, 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದೂ ಅದನ್ನು ಶೇಷವಿಲ್ಲದೆ ಭಾಗಿಸದು. ಅದಕ್ಕೇ ಆರಿಸಿದರು ಅನ್ನೋದು ತಪ್ಪು.

ಆಟ ಬರೆದವರು ಈ ಲೆಕ್ಕಕ್ಕೆ 32 ಬಿಟ್ ಜಾಗ ಕೊಟ್ಟಿರಬೇಕು. ಒಂದು ಬಿಟ್‌ನಲ್ಲಿ 0 ಇಲ್ಲವೇ 1 ಮಾತ್ರ ಕೂರುತ್ತದೆ. ಪ್ಲಸ್ಸೋ ಮೈನಸ್ಸೋ ಅಂತ ತಿಳಿಸಲು ಒಂದು ಬಿಟ್ ಹೋಯಿತು. ಉಳಿದ 31ರಲ್ಲೂ 1 ತುಂಬಿದರೆ ಈ ಸಂಖ್ಯೆ ಬರುತ್ತದೆ. ಅಂದರೆ 31 ಎರಡುಗಳನ್ನು ಗುಣಿಸಿ, ಒಂದು ಕಳೆದದ್ದು. ಕೊಡ ತುಂಬಿತು, ಅಷ್ಟೇ. 16 ಬಿಟ್ ಕೊಟ್ಟಿದ್ದರೆ 32,767ಕ್ಕೇ ನಿಲ್ಲುತ್ತಿತ್ತು. ಅದು ಅವಿಭಾಜ್ಯವಲ್ಲ, 7, 31, 151 ಗುಣಿಸಿದರೆ ಬರುತ್ತದೆ. 64 ಬಿಟ್‌ನ ಮಿತಿಯನ್ನೂ 7 ಸಲೀಸಾಗಿ ಭಾಗಿಸುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಇದರ ಹಳೆಯ ಕಥೆ. ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದು ಸಿಗುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಅನ್ನುತ್ತಾರೆ. ಎಷ್ಟು ಎರಡುಗಳನ್ನು ಗುಣಿಸಿದರೆ ಇಂಥ ಅವಿಭಾಜ್ಯ ಸಿಗುತ್ತದೆ ಅಂತ ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 31 ಇತ್ತು. (67 ಕೂಡ ಇತ್ತು, ಅದು ತಪ್ಪು.) 31ರದ್ದನ್ನು ಸಾಧಿಸಿದ್ದು ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಆಯ್ಲರ್, 1772ರಲ್ಲಿ, ಕಣ್ಣು ಬಹುಪಾಲು ಹೋಗಿದ್ದ ಕಾಲದಲ್ಲಿ.

ಹೇಗೆ? ಇದರ ವರ್ಗಮೂಲ 46,340ರ ಮೇಲೆ ಸ್ವಲ್ಪ. ಅಲ್ಲಿವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವೇ ಸುಮಾರು 4,800! ಆಯ್ಲರ್ ಹುಡುಕಿದ ದಾರಿ ಬೇರೆ. ಇದನ್ನು ಭಾಗಿಸುವ ಅವಿಭಾಜ್ಯ ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಎರಡೂ ಸೇರಿಸಿ ಜರಡಿ ಹಿಡಿದರೆ ಉಳಿಯುವುದು ಹೆಚ್ಚೆಂದರೆ 372 ಭಾಗಾಕಾರ. ಒಂದೂ ಸರಿಯಾಗಿ ಭಾಗಿಸಲಿಲ್ಲ. ಆಮೇಲೆ ಹಲವು ದಶಕಗಳವರೆಗೂ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರ ಕೈಗೂ ಸಿಗಲಿಲ್ಲ.

ಇನ್ನೊಂದು ಸೊಗಸಿದೆ. 31 ಕೂಡ ಐದು ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆ. ಆ 5 ಕೂಡ ಅವಿಭಾಜ್ಯವೇ. ಹಾಗಾಗಿ ನಮ್ಮ ಕಾಯಿನ್ ಸಂಖ್ಯೆ ಎರಡಂತಸ್ತಿನ ಮರ್ಸೆನ್ ಅವಿಭಾಜ್ಯ. ಇಂಥವು ಗೊತ್ತಿರುವುದು ನಾಲ್ಕೇ, ಇದು ಮೂರನೆಯದು. 30 ಎರಡುಗಳ ಗುಣಲಬ್ಧದಿಂದ ಇದನ್ನು ಗುಣಿಸಿದರೆ 19 ಅಂಕಿಯ ಪರಿಪೂರ್ಣ ಸಂಖ್ಯೆ ಬರುತ್ತದೆ. ಪರಿಪೂರ್ಣ ಅಂದರೆ 28ರ ಹಾಗೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳಾದ 1, 2, 4, 7, 14 ಕೂಡಿದರೆ ಮತ್ತೆ 28.

ಮಗನಿಗೆ ಒಂದು ಕೆಲಸ ಕೊಡಿ. 11 ಎರಡುಗಳನ್ನು ಗುಣಿಸಿ ಒಂದು ಕಳೆದರೆ 2,047. ಅದು ಅವಿಭಾಜ್ಯವಾ? 31ಕ್ಕೆ ದುಪ್ಪಟ್ಟು 62 ಬಂದ ಹಾಗೆ 11ಕ್ಕೆ 22. ಆ 22ರ ಮಗ್ಗಿ ಹೇಳುತ್ತಾ, ಪ್ರತಿ ಉತ್ತರಕ್ಕೂ 1 ಕೂಡಿಸಿ, ಅದರಿಂದ ಭಾಗಿಸುತ್ತಾ ಹೋಗಲಿ. ತುಂಬಾ ಹೊತ್ತು ಬೇಕಾಗಲ್ಲ.