ಶಿವಮೊಗ್ಗದ ಕೇಸಿಗೆ ಎನ್‌ಐಎ ಯಾಕೆ ಬರುತ್ತದೆ?

ಇಲ್ಲೇ ಠಾಣೆ, ಎಸ್‌ಪಿ ಆಫೀಸು ಎಲ್ಲಾ ಇರುವಾಗ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ ಯಾಕೆ ಬೇಕು ಅಂತ ಕೇಳಿದ್ದೀರಿ. ಅದು ಬಂದೂಕು ಹಿಡಿದು ಕಾವಲು ಕಾಯುವ ಪಡೆ ಅಲ್ಲ, ತನಿಖೆ ಮಾಡುವ ಕೇಂದ್ರ ಸಂಸ್ಥೆ. ಮುಂಬೈ ದಾಳಿ ಆದ ಮೇಲೆ 2008ರ ಕಾಯ್ದೆಯಿಂದ ಹುಟ್ಟಿದ್ದು. 2019ರಲ್ಲಿ ಮಾನವ ಕಳ್ಳಸಾಗಣೆ, ಸೈಬರ್ ಭಯೋತ್ಪಾದನೆಯೂ ಅದರ ವ್ಯಾಪ್ತಿಗೆ ಬಂದವು.

ಕೇಸು ಶುರುವಾಗುವುದು ಸಾಮಾನ್ಯವಾಗಿ ನಮ್ಮೂರಿನ ಠಾಣೆಯಲ್ಲೇ. ಭಯೋತ್ಪಾದನೆ ತಡೆಯುವ ಯುಎಪಿಎಯಂಥ ಕಾನೂನಿನಡಿ ಎಫ್‌ಐಆರ್ ಆದರೆ ಠಾಣಾಧಿಕಾರಿ ಅದರ ವರದಿಯನ್ನು ರಾಜ್ಯ ಸರ್ಕಾರಕ್ಕೆ ಕಳಿಸಬೇಕು, ರಾಜ್ಯ ಅದನ್ನು ಕೇಂದ್ರಕ್ಕೆ ದಾಟಿಸಬೇಕು, ಆಮೇಲೆ ಇದು ಎನ್‌ಐಎಗೆ ಕೊಡುವಂಥ ಕೇಸಾ ಅಲ್ವಾ ಅಂತ ಕೇಂದ್ರ 15 ದಿನದೊಳಗೆ ತೀರ್ಮಾನ ಮಾಡಬೇಕು. ರಾಜ್ಯ ಸುಮ್ನೆ ಇದ್ದರೂ ಕೇಂದ್ರ ತಾನಾಗಿಯೇ ಆದೇಶ ಕೊಡಬಹುದು. ಎನ್‌ಐಎ ಕೈಗೆತ್ತಿಕೊಳ್ಳುವ ತನಕ ಸ್ಥಳೀಯ ಪೊಲೀಸರು ತನಿಖೆ ಮುಂದುವರಿಸಲೇಬೇಕು. ಜನ ಮರೆಯುವುದು ಇದನ್ನೇ. ಮೊದಲ ದಿನಗಳಲ್ಲಿ ಸಿಗುವ ಮೊಬೈಲು, ಸಾಕ್ಷಿ, ಸ್ಥಳದ ಮಹಜರು ಎಲ್ಲಾ ಜಾಸ್ತಿ ಅವರ ಕೆಲಸವೇ, ಅಲ್ಲಿ ಎಡವಿದರೆ ದೆಹಲಿಯಿಂದ ಯಾರು ಬಂದರೂ ಕಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಗ್ರಾಮಾಂತರ ಠಾಣೆಯಲ್ಲಿ ದಾಖಲಾದ ಐಸಿಸ್ ಸಂಚಿನ ಕೇಸನ್ನೂ ಎನ್‌ಐಎ ವಹಿಸಿಕೊಂಡಿದ್ದು ನವೆಂಬರ್‌ನಲ್ಲಿ. ವಿಚಾರಣೆ ನಡೆಯುವುದು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ.

ಇನ್ನೊಂದು, ಮಲೆನಾಡಿನ ಕಾಡಲ್ಲಿ ಕೂಂಬಿಂಗ್ ಮಾಡುತ್ತಿದ್ದ ನಕ್ಸಲ್ ನಿಗ್ರಹ ಪಡೆಯನ್ನೂ ಎನ್‌ಐಎಯನ್ನೂ ಒಂದೇ ಅಂದುಕೊಳ್ಳಬೇಡಿ. ಆ ನಿಗ್ರಹ ಪಡೆ ರಾಜ್ಯ ಪೊಲೀಸರದ್ದು, ಕಾರ್ಕಳದಿಂದ ನಡೆಯುತ್ತಿತ್ತು.